ಬಾಗಿಲ ಮೇಲೊಂದು ಒದ್ದೆ ಪೊರಕೆ

"ವೈನ್ ಏನು ಮಹಾ! ಬಾಟಲಿಯ ಲೇಬಲ್ ಓದಲು ಬಂದರೆ ಅರ್ಧ ಪಂಡಿತ. ಸಂಜೆಯೊಳಗೆ ಪೂರ್ತಿ ಪಂಡಿತನಾಗಿ ತೋರಿಸುತ್ತೇನೆ, ನೋಡುತ್ತಿರು!"

ಶನಿವಾರ ಬೆಳಿಗ್ಗೆ ಹೆಂಡತಿ ರೋಸ್ವಿತಾಳ ಮುಂದೆ ಹೀಗೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ. ಕಾರಣವಿತ್ತು. ಜರ್ಮನಿಯ ನೆಕ್ಕರ್ ನದಿಯ ದಂಡೆಯ ಇಳಿಜಾರಿನಲ್ಲಿ ನನ್ನ ಮಾವ ಗಾಟ್ಲೋಬರ ದ್ರಾಕ್ಷಿ ತೋಟವಿದೆ. ಮಂಡಿ ಮಾತು ಕೇಳುತ್ತಿಲ್ಲವೆಂದು ಅದನ್ನು ನಮಗೆ ಕೊಡುವುದೋ, ಪಕ್ಕದೂರಿನವರಿಗೆ ಮಾರುವುದೋ ಎಂದು ತೂಗುತ್ತಿದ್ದರು. ರೋಸ್ವಿತಾ ಆ ಬಳ್ಳಿಗಳ ನಡುವೆಯೇ ಬೆಳೆದವಳು. ತೋಟ ಕೈತಪ್ಪಿದರೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅಡ್ಡಿಯೆಂದರೆ ನಾನೇ! ಹಸುಗಳ ಸೀಮೆಯಿಂದ ಬಂದ ಡೇರಿ ಗುಮಾಸ್ತ. "ಹಾಲು ಅಳೆಯೋರ ಕೈಗೆ ವೈನ್ ಕೊಡೋದಾ?" ಎಂಬುದು ಮಾವನ ನಿತ್ಯಮಂತ್ರ. ಕೊನೆಗೆ ತಮ್ಮ ತೋಟದ ಕೆಂಪು ವೈನೂ ಸೇರಿ ನಾಲ್ಕು ಬಾಟಲಿ ಕಳಿಸಿ, "ಸಂಜೆ ಬರ್ತೀನಿ. ಯಾವುದು ಎಂಥದ್ದು ಅಂತ ಅಳಿಯಂದ್ರು ಹೇಳ್ಲಿ, ಆಮೇಲೆ ತೋಟದ ಮಾತು" ಎಂದಿದ್ದರು.

ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ಓದತೊಡಗಿದೆ.

"ಕಬಿನೆಟ್, ಷ್ಪೇಟ್‌ಲೇಸೆ, ಔಸ್‌ಲೇಸೆ. ಮೆಟ್ಟಿಲು ಏರಿದಷ್ಟೂ ಹಣ್ಣು ಹೆಚ್ಚು ಮಾಗಿರುತ್ತೆ. ಹೆಚ್ಚು ಮಾಗಿದ ಹಣ್ಣು ಸಿಹಿ, ಅಂದಮೇಲೆ ವೈನೂ ಸಿಹಿ. ಮುಗೀತು!"

"ಮುಗೀಲಿಲ್ಲಾರೀ. ಕೆಳಗೆ ಸಣ್ಣಕ್ಷರದ ಸಾಲಿದೆ, ಅದನ್ನೂ ಓದಿ."

"ಮದುಮಗನ್ನ ನೋಡಿದ ಮೇಲೆ ಬೀಗರ ಪಟ್ಟಿ ಯಾಕೆ?"

ವಿದ್ಯೆ ಮುಗಿದ ಮೇಲೆ ಕಸ! ನೆರೆಹೊರೆಯವರೆಲ್ಲ ವಾರಕ್ಕೊಬ್ಬರಂತೆ ಗುಡಿಸುವ ಸರದಿ ಆ ವಾರ ನಮ್ಮದು. ಈ ಷ್ವಾಬಿಯ ಸೀಮೆಯಲ್ಲಿ ಕೊಲೆ ಮಾಡಿದವನನ್ನಾದರೂ ಕ್ಷಮಿಸಿಯಾರು, ಸರದಿ ತಪ್ಪಿಸಿದವನನ್ನು ನೆರೆಯವರು ಕ್ಷಮಿಸುವುದಿಲ್ಲ. ಮೆಟ್ಟಿಲು, ಅಂಗಳ, ಬೀದಿಬದಿ ಎಲ್ಲ ಗುಡಿಸಿ ತೊಳೆದೆ. ಮಾವನ ಕಣ್ಣಿಗೆ ನನ್ನ ಶ್ರಮ ಬೀಳಬೇಡವೇ? ಒದ್ದೆ ಪೊರಕೆಯನ್ನು ಬೀದಿಬಾಗಿಲ ಮೇಲೆ, ಊರಿಗೆಲ್ಲ ಕಾಣುವಂತೆ ನೇತುಹಾಕಿದೆ.

ಸ್ವಲ್ಪ ಹೊತ್ತಿಗೆ ಗುಡ್ಡ ಸುತ್ತಿ ಬಂದ ಒಂದು ಗುಂಪು ಮಣ್ಣಿನ ಬೂಟುಗಳ ಸಮೇತ ಒಳಗೆ ನುಗ್ಗಿ, ನಮ್ಮ ಊಟದ ಮೇಜಿನ ಸುತ್ತ ಕೂತೇಬಿಟ್ಟಿತು!

"ಯಜಮಾನ್ರೇ, ಮೊದಲು ವೈನ್ ತನ್ನಿ! ಈರುಳ್ಳಿ ಕೇಕ್ ವಾಸನೆ ಘಂ ಅಂತಿದೆ, ಅದೂ ಬರಲಿ!"

"ಸ್ವಾಮಿ, ಇದು ಮನೆ..."

"ಪೊರಕೆ ಹಾಕಿದ್ದೀರಲ್ರೀ!"

ಆಗ ಹೊಳೆಯಿತು. ಬಾಗಿಲ ಮೇಲೆ ಪೊರಕೆ ಕಂಡರೆ 'ಮನೆಯ ವೈನ್ ಸಿದ್ಧ, ಬನ್ನಿ, ಕೂತು ಕುಡಿಯಿರಿ' ಎಂದು ಇಲ್ಲಿನ ಕೂಸಿಗೂ ಗೊತ್ತು. ಅಂಥ ಎಷ್ಟು ಮನೆಗಳಲ್ಲಿ ನಾನೇ ಕೂತು ಕುಡಿದಿಲ್ಲ! ಅಡುಗೆಮನೆಗೆ ಓಡಿದೆ.

"ಪೊರಕೆ ಹಿತ್ತಲಲ್ಲಿಡೋಕೆ ಏನಾಗಿತ್ರೀ ನಿಮಗೆ?"

"ವಾಪಸ್ ಕಳಿಸಿಬಿಡ್ಲಾ?"

"ಪೊರಕೆ ನಂಬಿ ಬಂದೋರನ್ನ ಒಣಗಂಟಲಲ್ಲಿ ಕಳಿಸಿದ್ರೆ ಅಪ್ಪ ತೋಟ ಕೊಡೋದಿರಲಿ, ನನ್ನ ಮುಖಾನೂ ನೋಡಲ್ಲ!"

"ಮನೇಲಿರೋದು ಪರೀಕ್ಷೆ ಬಾಟಲಿ ಮಾತ್ರ ಕಣೇ!"

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಬಿರಡೆ ಕಿತ್ತೆವು.

ಹಸಿರು ಟೊಪ್ಪಿಗೆಯ ಅಜ್ಜಿಯೊಬ್ಬರು, "ನನಗೆ ಸಿಹಿ ಇರೋದು ಕೊಡಪ್ಪ" ಎಂದರು. ಇದಕ್ಕೇ ಕಾಯುತ್ತಿದ್ದೆ! "ಫಾಲ್ಸ್ ಸೀಮೆಯ ಷ್ಪೇಟ್‌ಲೇಸೆ, ತಡವಾಗಿ ಕೊಯ್ದ ಹಣ್ಣಿನದು, ಅಮೃತ!" ಎಂದು ಭಾಷಣ ಬಿಗಿದು ಸುರಿದೆ. ಅಜ್ಜಿಯ ಮುಖ ಹುಣಸೆಕಾಯಿ ಕಚ್ಚಿದಂತಾಯಿತು. "ಏನಪ್ಪಾ, ಇದರಲ್ಲಿ ಸಕ್ಕರೆ ನೀನೇ ತಿಂದ್ಯಾ?" ಸಿಹಿ ಬೇಡವೆಂದ ಗಡ್ಡದವರೊಬ್ಬರಿಗೆ ಕೆಳಮೆಟ್ಟಿಲಿನ, ಮೋಸೆಲ್ ಸೀಮೆಯ ಕಬಿನೆಟ್ ಕೊಟ್ಟೆ. "ಇದೇನ್ರೀ, ಪಾನಕ!" ಎಂದು ಕೂಗಿದರು. ಇಬ್ಬರೂ ಲೋಟ ಬದಲಾಯಿಸಿಕೊಂಡ ಮೇಲೆ ಶಾಂತಿ ನೆಲೆಸಿತು.

ಇನ್ನು ಮುಚ್ಚಿಟ್ಟು ಫಲವಿಲ್ಲ. ಕುರ್ಚಿ ಎಳೆದು ಕೂತು ಮಾವ, ತೋಟ, ಪರೀಕ್ಷೆ ಎಲ್ಲ ಹೇಳಿಬಿಟ್ಟೆ. ನಗು ಸೂರು ಹಾರಿಸಿತು. ಗಡ್ಡದವರು ಬೀದಿಯಲ್ಲಿ ಹೋಗುತ್ತಿದ್ದವರನ್ನೂ ಕೂಗಿ ಕರೆದರು. ಈರುಳ್ಳಿ ಕೇಕು ತಳ ಕಂಡಿತು. ಆಗಲೇ ಬಾಗಿಲಲ್ಲಿ ಮಾವ! ಮೊದಲು ಪೊರಕೆ ನೋಡಿದರು, ಆಮೇಲೆ ನನ್ನನ್ನು.

"ಪರೀಕ್ಷೆ ಬಾಟಲಿ ಎಲ್ಲಿ, ಅಳಿಯಂದ್ರೇ?"

"ಇಲ್ಲಿ!" ಎಂದು ಟೊಪ್ಪಿಗೆಯ ಅಜ್ಜಿ ಹೊಟ್ಟೆ ತಟ್ಟಿಕೊಂಡರು.

"ಹಂಗಾದ್ರೆ ಬಾಯಿಪಾಠ ಒಪ್ಪಿಸಿ. ಫಾಲ್ಸ್‌ದು ಹೆಂಗಿತ್ತು?"

"ಸಿಹಿ ಇಲ್ಲ ಮಾವ. ದೊಡ್ಡಕ್ಷರ ಹೇಳೋದು ಹಣ್ಣು ಎಷ್ಟು ಮಾಗಿತ್ತು ಅಂತ. ವೈನಲ್ಲಿ ಸಿಹಿ ಉಳೀತೋ ಇಲ್ವೋ ಅನ್ನೋದಕ್ಕೆ ಕೆಳಗಿನ ಸಾಲು ನೋಡ್ಬೇಕು. 'ಟ್ರೋಕೆನ್' ಅಂತಿದ್ರೆ ಸಿಹಿ ಇಲ್ಲ. ಅಜ್ಜಿ ಮುಖದ ಮೇಲೂ ಅದೇ ಬರೆದಿತ್ತು."

"ಹ್ಞೂಂ. ನನ್ನ ತೋಟದ ಕೆಂಪು ವೈನು?"

ಕೆಟ್ಟೆ! ತಲೆ ತಗ್ಗಿಸಿದೆ. "ಅದು ಎಲ್ಲಕ್ಕಿಂತ ಮೊದಲು ಖಾಲಿಯಾಯ್ತು ಮಾವ. ನನಗೊಂದು ಹನೀನೂ ಸಿಗಲಿಲ್ಲ."

ಮಾವನ ಮೀಸೆ ಅಲುಗಿತು. "ಮತ್ತೆ ಯಾವಾಗ ಪೊರಕೆ ಹಾಕ್ತೀರಿ?" ಎಂದು ಮೇಜಿನವರೆಲ್ಲ ನನ್ನ ದುಂಬಾಲು ಬಿದ್ದಿದ್ದರು. ಮಾವ ಅದನ್ನೂ ಕೇಳಿಸಿಕೊಂಡರು.

"ತೋಟ ಮಾರಲ್ಲ, ಕೊಡ್ತೀನಿ" ಎಂದರು.

ನಾನು ಎದೆಯುಬ್ಬಿಸಿದೆ.

"ರೋಸ್ವಿತಾಗೆ."

ಅವಳ ಕಣ್ಣು ತುಂಬಿತು. ಅಷ್ಟು ಸಾಕಿತ್ತು ನನಗೆ. ಆದರೂ ಬಾಯಿ ಸುಮ್ಮನಿದ್ದೀತೇ? "ನನಗೇನೂ ಇಲ್ವಾ ಮಾವ?"

ಮಾವ ಬಾಗಿಲ ಮೇಲಿನ ಪೊರಕೆ ತೆಗೆದು ನನ್ನ ಕೈಗಿಟ್ಟರು. "ಇದು ನಿಮಗೆ. ಬಂದೋರು ಎದ್ದು ಹೋಗದ ಹಂಗೆ ಕೂರಿಸ್ಕೊಳ್ಳೋದು ನಿಮಗೆ ಬರುತ್ತೆ. ಅವಳು ವೈನ್ ಮಾಡ್ಲಿ, ಪ್ರತಿ ವರ್ಷ ಇದನ್ನ ನೀವು ನೇತುಹಾಕಿ. ಆದ್ರೆ ಈಗ ಈ ಬೂಟಿನ ಮಣ್ಣೆಲ್ಲ ಗುಡಿಸಿ. ಈ ವಾರದ ಸರದಿ ನಿಮ್ಮದೇ ಅಲ್ವಾ?"