ಕೆರೆಗೆ ಹೋದ ಸಾಕ್ಷಿ

ಐವತ್ನಾಲ್ಕು ವರ್ಷದಲ್ಲಿ ಒಂದು ಕರ್ಚೀಫನ್ನೂ ಒಗೆಯದ ಲಕ್ಷ್ಮೀಪತಿಯವರು ಆ ಭಾನುವಾರ ಬೆಳಿಗ್ಗೆ ಹೂವಿನ ಚಡ್ಡಿಯೊಂದನ್ನು ತಾವೇ ಒಗೆದು ತಾರಸಿಯಲ್ಲಿ ಒಣಹಾಕಿದ್ದೇ ತಪ್ಪಾಯಿತು. ಕುರುಬರಹಳ್ಳಿಯಲ್ಲಿ ಗಂಡಸು ಬಟ್ಟೆ ಒಗೆದರೆ ಸುಮ್ಮನೆ ಬಿಡುತ್ತಾರೆಯೇ? ಪಕ್ಕದ ತಾರಸಿಯಲ್ಲಿ ಗಿಡಕ್ಕೆ ನೀರು ಬಿಡುತ್ತಿದ್ದ ನಿವೃತ್ತ ಗುಮಾಸ್ತ ಹನುಮಂತಯ್ಯನವರು ಪೈಪು ಹಿಡಿದು ಹಾಗೇ ನಿಂತರು. ಕುಂಡ ತುಂಬಿ ನೀರು ಕಾಲ ಮೇಲೆ ಹರಿದರೂ ಅವರಿಗೆ ಗೊತ್ತಾಗಲಿಲ್ಲ.

ಕಾಫಿ ಆರುವ ಮೊದಲೇ ಸುದ್ದಿ ಲಕ್ಷ್ಮೀಪತಿಯವರ ಹೆಂಡತಿ ಅನಂತಲಕ್ಷ್ಮಿಯವರಿಗೆ ಮುಟ್ಟಿತು.

"ಏನ್ರೀ ಇದು? ಹೋದ ಭಾನುವಾರ ಆಫೀಸಲ್ಲಿ ಆಡಿಟ್ ಅಂದ್ರಿ. ಆಡಿಟ್‌ಗೆ ಹೂವಿನ ಚಡ್ಡಿ ಹಾಕ್ಕೊಂಡು ಹೋಗ್ತಾರಾ?"

ಲಕ್ಷ್ಮೀಪತಿ ನಿಜ ಒಪ್ಪಿಕೊಂಡರು. ಮಾಗಡಿ ರಸ್ತೆಯಲ್ಲಿ ದೂರ ಹೋದರೆ ಬೆಟ್ಟದ ಬುಡದಲ್ಲೊಂದು ಕೆರೆ. ಅಲ್ಲಿ ದೋಣಿಗೆ ಹುಟ್ಟು ಹಾಕುವುದನ್ನು ಕಲಿಸುತ್ತಾರೆ. ಈ ವಯಸ್ಸಿಗೆ ಇದೇನು ಹುಚ್ಚು ಎಂದು ನಗುತ್ತೀಯೆಂದು ಸುಳ್ಳು ಹೇಳಿದೆ, ಇವತ್ತೂ ಹೋಗಬೇಕು, ಅಷ್ಟೇ ಎಂದರು. ಸುಳ್ಳನ್ನು ನಂಬಿದ ಹೆಂಡತಿ ನಿಜವನ್ನು ನಂಬಲಿಲ್ಲ. ಸಂಸಾರ ಅಂದರೆ ಹಾಗೇ ತಾನೆ!

"ಬಕೆಟ್ ಎತ್ತು ಅಂದ್ರೆ ಸೊಂಟ ನೋವು, ದೋಣಿ ನಡೆಸ್ತೀರಾ? ಯಾರ್ರೀ ಅವಳು?"

"ಅಯ್ಯೋ, ಯಾರೂ ಇಲ್ಲ ಕಣೇ! ನೀನೇ ಬಂದು ನೋಡು."

"ನಾನು ಬಂದ್ರೆ ಅವಳು ಬರ್ತಾಳಾ?" ಅನಂತಲಕ್ಷ್ಮಿ ಪಕ್ಕದ ತಾರಸಿಯತ್ತ ತಿರುಗಿದರು. "ಹನುಮಂತಯ್ಯನೋರೇ, ನೀವು ಇವರ ಹಿಂದೆ ಹೋಗಿ. ತಪ್ಪಿಲ್ಲ ಅಂತ ನೀವು ಹೇಳಿದ್ರೆ ಸರಿ. ಇಲ್ದಿದ್ರೆ ಇನ್ಮೇಲೆ ಭಾನುವಾರ ಇವರು ಗೇಟು ದಾಟಂಗಿಲ್ಲ."

ಹಿಂಬಾಲಿಸುವುದೆಂದರೆ ಗುಟ್ಟಾಗಿಯೇ ಮಾಡಬೇಕೆಂಬುದು ಹನುಮಂತಯ್ಯನವರ ಶಾಸ್ತ್ರ. ಬಸ್ಸಿನಲ್ಲಿ ಎರಡು ಸೀಟು ಹಿಂದೆ ಕೂತು ಪೇಪರು ಅಡ್ಡ ಹಿಡಿದರು. ಲಕ್ಷ್ಮೀಪತಿ ತಿರುಗಿ ಬಾಳೆಹಣ್ಣು ಕೊಟ್ಟರೆ, "ಮಾತಾಡ್ಬೇಡಿ ಸಾರ್, ನಾನು ನಿಮ್ಮನ್ನ ನೋಡೇ ಇಲ್ಲ" ಎಂದು ಪಿಸುಗುಟ್ಟಿ ಹಣ್ಣು ತಿಂದರು.

ಕೆರೆಯ ದಡದಲ್ಲಿ ದೋಣಿ ಕಲಿಸುವ ಬಾಳೇಶ ನಗುತ್ತಾ ಎದುರು ಬಂದ. "ಬನ್ನಿ ಸಾರ್, ಹೋದ್ವಾರ ಬಿದ್ರಲ್ಲ, ಮೈಕೈ ನೋವು ಹೋಯ್ತಾ?"

"ಯಾರ ಮೇಲೆ ಬಿದ್ರು?" ಹನುಮಂತಯ್ಯನವರು ಮರದ ಹಿಂದಿನಿಂದ ಹಾರಿ ಬಂದರು.

"ನೀರಿಗೆ ಸಾರ್!"

ಲಕ್ಷ್ಮೀಪತಿ ದೋಣಿ ಹತ್ತಿದ ಮೇಲೆ ಹಿಂಬಾಲಿಸುವವರು ದಡದಲ್ಲಿ ನಿಂತರೆ ಆಗುತ್ತದೆಯೇ? ಹನುಮಂತಯ್ಯನವರು ಕುಲದೇವರಿಗೆಲ್ಲ ಹರಕೆ ಹೊತ್ತು ಇನ್ನೊಂದು ದೋಣಿಯಲ್ಲಿ ಕೂತರು. ಮೊದಲು ಬೀಸೋ ಕಲ್ಲಿನಂತೆ ನಿಂತಲ್ಲೇ ಸುತ್ತಿದರು. ಆಮೇಲೆ ನೇರವಾಗಿ ಬಂದು ಲಕ್ಷ್ಮೀಪತಿಯವರ ದೋಣಿಗೇ ಗುದ್ದಿ, ಅವರನ್ನು ನೀರಿಗೆ ಕೆಡವಿದರು. ಮೂರನೇ ಸುತ್ತಿಗೆ ಕೈ ಕುದುರಿತು. ಹತ್ತಿರದ ನಡುಗಡ್ಡೆ ಸುತ್ತಿ ಬಂದು ಕೇಕೆ ಹಾಕಿದರು. ದಡಕ್ಕೆ ಬನ್ನಿ ಎಂದು ಬಾಳೇಶ ಮೂರು ಸಲ ಸೀಟಿ ಊದಬೇಕಾಯಿತು. ಒದ್ದೆಯಾಗಿ ನಡುಗುತ್ತಿದ್ದರೂ ಲಕ್ಷ್ಮೀಪತಿಗೆ ಖುಷಿಯೋ ಖುಷಿ. ಇಷ್ಟು ಕುಣಿದಾಡಿದ ಸಾಕ್ಷಿ ಇನ್ನು ವಿರುದ್ಧ ಹೇಳುವುದುಂಟೇ?

ಸಂಜೆ ಅನಂತಲಕ್ಷ್ಮಿ ಗೇಟಿನಲ್ಲೇ ಕಾದಿದ್ದರು. "ಏನಾಯ್ತು?"

ಹನುಮಂತಯ್ಯನವರು ನಿಟ್ಟುಸಿರು ಬಿಟ್ಟರು. "ಹೆಂಗಸು ಅಂತೂ ಕಣ್ಣಿಗೆ ಬೀಳ್ಲಿಲ್ಲಮ್ಮ. ಆದ್ರೆ ಅನುಮಾನ ಪೂರ್ತಿ ಹೋಗ್ಲಿಲ್ಲ. ಜಾಗ ದೊಡ್ದು. ಈಗ ದೋಣಿ, ಚಳಿಗಾಲಕ್ಕೆ ಬೆಟ್ಟ ಹತ್ತೋದು, ಬೇಸಿಗೇಲಿ ಹಕ್ಕಿ ನೋಡೋದು, ವರ್ಷಪೂರ್ತಿ ಜನ ಬರ್ತಾನೇ ಇರ್ತಾರಂತೆ. ಹನ್ನೆರಡು ತಿಂಗಳೂ ಯಾರಾದ್ರೂ ಒಂದು ಕಣ್ಣಿಟ್ಟಿರ್ಬೇಕು."

"ಏನ್ರೀ ಹೇಳ್ತಿದೀರಾ ನೀವು!" ಲಕ್ಷ್ಮೀಪತಿ ಬಾಯಿ ಬಡಿದುಕೊಂಡರು.

"ನೀವು ಸುಮ್ನಿರಿ" ಎಂದರು ಹೆಂಡತಿ. "ಇನ್ಮೇಲೆ ಇವರು ಮನೇಲಿರ್ಲಿ. ಪ್ರತಿ ಭಾನುವಾರ ನೀವೊಬ್ರೇ ಹೋಗಿ, ಇವರಿಗೆ ಕಾಯೋಳು ಯಾರು ಅಂತ ಪತ್ತೆ ಮಾಡಿ."

"ಏನ್ ಮಾಡೋದಮ್ಮ, ಅಕ್ಕಪಕ್ಕದೋರು ಅಂದ್ಮೇಲೆ ಇಷ್ಟೂ ಮಾಡ್ದಿದ್ರೆ ಹೇಗೆ? ಒಂದಿಷ್ಟು ಪುಳಿಯೋಗರೆ ಕಟ್ಟಿಕೊಡಿ, ಸಾಕು. ಹುಟ್ಟು ಹಾಕಿದ್ರೆ ಸಿಕ್ಕಾಪಟ್ಟೆ ಹಸಿವಾಗುತ್ತೆ."

"ಅದಕ್ಕೇನಂತೆ" ಎಂದ ಅನಂತಲಕ್ಷ್ಮಿ, ಹುಣಸೆಹಣ್ಣು ತರಲು ಗಂಡನ ಕೈಗೆ ಚೀಲ ಕೊಟ್ಟರು.