ಹಚ್ಚೆ ಅಳಿಸಿದ ಅಳಿಯ

ಸುಳ್ಳು ಹೇಳಿ ಬದುಕುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಎದುರಿಗೆ ಕೂತವರ ಮುಖದ ಮೇಲೆಯೇ ಸುಳ್ಳು ಬರೆದು, ಅದನ್ನು ಅವರಿಗೇ ಮಾರಿ, ‘ಭಾಳ ಛಂದ ಬಂದಾದ್ರಿ’ ಎಂದು ಹೊಗಳಿಸಿಕೊಳ್ಳುವವರು ಫೋಟೋ ಸ್ಟುಡಿಯೋದವರು ಮಾತ್ರ. ಸೇಡಂ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೂ ಒಂದು ಸ್ಟುಡಿಯೋ ಇದೆ. ನಾನು ಕಸುಬು ಕಲಿಯುವಾಗ ಈ ಸುಳ್ಳಿಗೂ ಒಂದು ಶ್ರದ್ಧೆ ಬೇಕಿತ್ತು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ, ಉಸಿರು ಬಿಗಿಹಿಡಿದು, ಮೊಡವೆಗಳನ್ನು ಒಂದೊಂದಾಗಿ ಮುಚ್ಚಬೇಕು. ಕೈ ಜಾರಿತೋ, ಮದುಮಗನಿಗೆ ಅಲ್ಲೇ ಒಂದು ಬಿಳಿ ಮೀಸೆ. ಕಂಪ್ಯೂಟರ್ ಬಂದ ಮೇಲೂ ಮೌಸ್ ಹಿಡಿದು ಒಂದೊಂದೇ ಕಲೆ ಒರೆಸುತ್ತ ಕೂರುತ್ತಿದ್ದೆ. ನಮ್ಮೂರಿನ ಮುಖಗಳಲ್ಲಿ ಯಾವುದು ಕಲೆ, ಯಾವುದು ಸಿಮೆಂಟ್ ಕಾರ್ಖಾನೆಯ ಧೂಳು ಎಂದು ತಿಳಿಯಲು ಅಷ್ಟು ತಾಳ್ಮೆ ಬೇಕೇ ಬೇಕು. ಈಗ ತಾನಾಗಿಯೇ ಮುಖ ತಿದ್ದುವ ಸಾಫ್ಟ್‌ವೇರ್ ತಂದಿದ್ದೇನೆ. ಬಟನ್ ಒತ್ತಿ ಚಹಾಕ್ಕೆ ಹೋಗಿ ಬರುವಷ್ಟರಲ್ಲಿ ಬೀಗರ ಗುಂಪಿಗೆ ಗುಂಪೇ ನುಣ್ಣಗಾಗಿರುತ್ತದೆ. ಮದುವೆ ಸುಗ್ಗಿಯಲ್ಲಿ ಅದಕ್ಕೆ ಮನಸ್ಸಿನಲ್ಲೇ ಊದುಬತ್ತಿ ಬೆಳಗುತ್ತೇನೆ.

ಹೀಗಿರುವಾಗ ಒಂದು ಬೆಳಿಗ್ಗೆ ಚಿಮ್ಮನಚೋಡದಿಂದ ಅತ್ತೆ ಬಂದಳು. ಈಕೆ ನನಗೆ ಎರಡು ಕಡೆಯಿಂದಲೂ ಅತ್ತೆ: ಅಪ್ಪನ ಅಕ್ಕ, ಹೆಂಡತಿಯ ತಾಯಿ. ವರ ಹುಡುಕುವ ಬಸ್ ಖರ್ಚು ಉಳಿಸಲು ಮಗಳನ್ನು ತಮ್ಮನ ಮಗನಾದ ನನಗೇ ಗಂಟುಹಾಕಿದವಳು. ಕೂತವಳೇ ಹೇಳಿದಳು: “ತಮ್ಮಾ, ನನ್ನದೊಂದು ಛಂದನ್ನ ಫೋಟೋ ತೆಗಿ. ಸತ್ತ ಮ್ಯಾಲ ಗ್ವಾಡಿಗಿ ಹಾಕಲಿಕ್ಕ.”

“ಅಷ್ಟ್ಯಾಕ ಅವಸರ ಅತ್ತಿ?”

“ಅವಸರ ನಂದಲ್ಲ, ನಿಮ್ದು. ನಾ ಹೋದ ದಿನ ಗಡಿಬಿಡ್ಯಾಗ ಆಧಾರ್ ಕಾರ್ಡಿನ ಫೋಟೋನೇ ದೊಡ್ಡದು ಮಾಡಿ ಹಾಕ್ತೀರಿ. ಅದ್ರಾಗ ನಾ ಜ್ವಾಳ ಕದ್ದು ಸಿಕ್ಕೊಂಡಂಗ ಕಾಣ್ತೀನಿ. ಮರಿಮಕ್ಕಳು ನೋಡೋದು ಅದೊಂದೇ ಮಾರಿ.”

ಮಾತು ನಿಜವೇ. ಫೋಟೋ ತೆಗೆದೆ. ಅತ್ತೆಯ ಮುಖವನ್ನು ಕೈಯಾರೆ ತಿದ್ದಬೇಕೆಂದುಕೊಂಡೆ. ಅಷ್ಟರಲ್ಲಿ ಚಿತ್ತಾಪುರದ ಮದುವೆಯವರು ಆಲ್ಬಮ್ ಕೇಳುತ್ತ ಬಂದು ನಿಂತರು. ಬಟನ್ ಒತ್ತಿದೆ, ಪ್ರಿಂಟ್ ತೆಗೆದೆ, ಸರಿಯಾಗಿ ನೋಡದೆ ಚೌಕಟ್ಟು ಹಾಕಿ ಅತ್ತೆಯ ಕೈಗಿಟ್ಟೆ. ಅವಳು ಅದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

“ಈಕಿ ಯಾರು?”

“ನೀನೇ ಅತ್ತಿ.”

“ನನ್ನ ಸೀರಿ ಉಟ್ಟಾಳ, ಖರೆ. ಆದ್ರ ಈಕಿ ಯಾರು? ಈಕಿಗಿ ಹಾರ ಹಾಕಿ, ನನ್ನ ಹೆಸರ್ಲೇ ಹೋಳಗಿ ತಿಂತೀರೇನು?”

ಆಗ ನೋಡಿದೆ. ಸಾಫ್ಟ್‌ವೇರ್ ಮಹಾಶಯ ಸುಕ್ಕುಗಳ ಜೊತೆಗೆ ಅತ್ತೆಯ ಹಣೆಯ ಹಸಿರು ಹಚ್ಚೆಯನ್ನೂ ಗದ್ದದ ಚುಕ್ಕೆಗಳನ್ನೂ ಕಲೆ ಎಂದೇ ತಿಳಿದು ತೊಳೆದುಬಿಟ್ಟಿದ್ದ.

“ಸಣ್ಣಾಕಿದ್ದಾಗ ನಮ್ಮವ್ವ ತೊಡಿಮ್ಯಾಲ ಒತ್ತಿ ಹಿಡಿದು ಹಾಕಿಸಿದ್ಳು. ನಾ ಹೊಯ್ಕೊಂಡ್ರ ಬಾಯಾಗ ಬೆಲ್ಲ ತುರುಕಿದ್ಳು. ಸತ್ತ ಮ್ಯಾಲ ಬಂಗಾರ ಬಿಚ್ಕೋತಾರ, ಬೆಳ್ಳಿ ಬಿಚ್ಕೋತಾರ, ಹಚ್ಚಿ ಒಂದೇ ಸಂಗಾಟ ಬರ್ತದ ಅಂದಿದ್ಳು. ನಾ ಜೀವಂತ ಇರೋವಾಗೇ ನೀ ಬಿಚ್ಕೊಂಡಿ ನೋಡು!”

ನನಗೆ ನಿಜಕ್ಕೂ ನಾಚಿಕೆಯಾಯಿತು. ಚಿಕ್ಕವನಿದ್ದಾಗ ಅವಳ ಕಂಕುಳಲ್ಲಿ ಕೂತು ಆ ಚುಕ್ಕೆಗಳನ್ನು ಉಗುರಿನಿಂದ ಕೆರೆದು ತೆಗೆಯಲು ನೋಡುತ್ತಿದ್ದೆನಂತೆ. ದೊಡ್ಡವನಾದ ಮೇಲೆ ಸಾಧಿಸಿಬಿಟ್ಟಿದ್ದೆ. ಮದುವೆಯವರನ್ನು ಕಾಯಲು ಹೇಳಿ, ಮೂಲ ಫೋಟೋ ತೆರೆದು, ಮೌಸ್ ಹಿಡಿದು ಕೂತೆ. ಅತ್ತೆ ಪಕ್ಕದ ಸ್ಟೂಲಿನ ಮೇಲೆ ಕೂತು ಯಜಮಾನಿಕೆ ಶುರುಮಾಡಿದಳು.

“ಹಣಿಮ್ಯಾಲಿನ ಗೆರಿ ಇರ್ಲಿ, ಅದು ನಿಮ್ಮ ಮಾವ ಕೊಟ್ಟದ್ದು. ಕಣ್ಣಿನ ಬಾಜೂಕಿಂದು ನಿನ್ನ ಹೆಂಡ್ತಿದು.”

“ನಂದು ಯಾವ್ದೂ ಇಲ್ಲಲ್ಲ?”

“ನಿಂದು ಇವತ್ತ ಬಂತು.”

ಕೊನೆಗೆ ನಾನು ಒರೆಸಿದ್ದು ಮೂಗಿನ ಪಕ್ಕದ ಧೂಳನ್ನು ಮಾತ್ರ. ಹಚ್ಚೆ ಹಚ್ಚೆಯ ಜಾಗದಲ್ಲೇ ಇತ್ತು. ಅತ್ತೆ ನೋಡಿ ತೃಪ್ತಿಯಿಂದ ತಲೆಯಾಡಿಸಿ, ಬಿದ್ದುಹೋದ ಮುಂದಿನ ಎರಡು ಹಲ್ಲು ಹಾಕು ಎಂದಳು. ಅದು ಸುಳ್ಳಾಗುವುದಿಲ್ಲವೇ ಎಂದು ಕೇಳಿದೆ.

“ಮುಂದ ಹೋಳಗಿ ಇಟ್ಟು ಕೈ ಮುಗಿತೀರಿ. ತಿನ್ನೋದು ಬ್ಯಾಡೇನು?”

ಹಾಕಿದೆ. ಹೋಗುವಾಗ ಬಾಗಿಲಲ್ಲಿ ತಿರುಗಿ ಹೇಳಿದಳು: “ನಿಂದೂ ಒಂದು ಈಗೇ ಮಾಡಿಟ್ಕೋ. ನಿನ್ನ ಆಧಾರ್ ಕಾರ್ಡೂ ನೋಡೀನಿ.”

ಮರುದಿನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನನ್ನ ಫೋಟೋ ನಾನೇ ತೆಗೆದುಕೊಂಡೆ. ನೋಡಿದೆ. ಮೌಸ್ ಕಡೆ ಹೋದ ಕೈ ತಾನಾಗಿಯೇ ಬಟನ್ ಕಡೆ ತಿರುಗಿತು. ಹೋದ ಕೂದಲು ಮರಳಿತು, ಜೋತ ಗದ್ದ ಮೇಲೇರಿತು. ಕೈಕಸುಬಿನ ಮೇಲಿನ ನನ್ನ ಭಕ್ತಿಯೆಲ್ಲ ಬೇರೆಯವರ ಮುಖಗಳಿಗೆ ಮಾತ್ರ ಎಂದು ತಿಳಿಯಿತು. ಚೌಕಟ್ಟು ಹಾಕಿಸಿ ಮನೆಗೆ ಒಯ್ದು ಪಡಸಾಲೆಯ ಗೋಡೆಗೆ ತೂಗುಹಾಕಿದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು, ಬಹಳ ಹೊತ್ತು ಅದರ ಮುಂದೆ ನಿಂತಳು.

“ಯಾರ್ರೀ ಇವ್ರು?” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಒಂದು ನಿಟ್ಟುಸಿರು ಬಿಟ್ಟು, “ನಮ್ಮವ್ವಗ ಆಗ ತಮ್ಮನ ಮಗನ ಬಿಟ್ಟು ಇವ್ರ್ಯಾಕ ಕಾಣ್ಲಿಲ್ಲೋ ಏನೋ” ಎಂದು ಒಳಗೆ ಹೋದಳು.