ಏಳು ಸೀಟಿನ ಗಾಡಿ ಮಾರಾಟಕ್ಕಿದೆ

ಹಳೇ ಗಾಡಿ ಇಟ್ಟುಕೊಂಡವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಅವನು ಒಂಟಿಯೂ ಆಗಿದ್ದರೆ ಎರಡು ಜಾಸ್ತಿಯೇ ನಡೆಯುತ್ತವೆ. ನನ್ನದು ನಾಲ್ಕೂ ಚಕ್ರ ಎಳೆಯುವ, ಏಳು ಸೀಟಿನ ದೊಡ್ಡ ಗಾಡಿ. ಹೆಂಡತಿ, ಮಗಳು, ರಜೆಗೆ ಬಹರೇನ್ ನೋಡಲು ಬರುವ ಅತ್ತೆ-ಮಾವ ಎಲ್ಲರನ್ನೂ ಲೆಕ್ಕಕ್ಕೆ ಹಿಡಿದು ಕೊಂಡಿದ್ದು. ಮಗಳ ಓದಿಗೆಂದು ತಾಯಿ-ಮಗಳು ತುಮಕೂರಿಗೆ ಹೋಗಿ ಮೂರು ವರ್ಷವಾಯಿತು. ಈಗ ಸೆಗಯಾದ ಫ್ಲ್ಯಾಟಿನಿಂದ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿಗೆ ದಿನಾ ನಾನೂ ಆರು ಖಾಲಿ ಸೀಟುಗಳೂ ಹೋಗಿ ಬರುತ್ತೇವೆ.

ಎಷ್ಟು ಚಕ್ರ ಬೇಕು?

ತಿರುವಿನಲ್ಲಿ ಗಾಡಿ ಗೊರಗೊರ ಅನ್ನತೊಡಗಿದಾಗ ಸಲ್ಮಾಬಾದಿನ ಗ್ಯಾರೇಜಿಗೆ ಒಯ್ದೆ. ಪೇಶಾವರದ ಮೆಕ್ಯಾನಿಕ್ ಗಾಡಿಯನ್ನು ಮೇಲೆತ್ತಿ, ಟಾರ್ಚ್ ಬಿಟ್ಟು ನೋಡಿ, ಹಿಂದಿಯಲ್ಲಿ ಹೇಳಿದ: "ಸಾಬ್, ಹಿಂದಿನ ಚಕ್ರಗಳು ಎಳೆಯೋದು ಬಿಟ್ಟು ಬಹಳ ಕಾಲ ಆಗಿದೆ. ನಿಮಗೆ ಗೊತ್ತೇ ಆಗಲಿಲ್ವಾ?"

ಗೊತ್ತಾಗಲು ಇಲ್ಲೇನು ಘಾಟಿ ಇದೆಯೇ? ದೇಶವೇ ದೋಸೆಕಲ್ಲಿನ ಹಾಗೆ ಚಪ್ಪಟೆ.

ಮೂರು ದಾರಿ ತೋರಿಸಿದ. ಹೊಸ ಭಾಗ ತರಿಸಿ ರಿಪೇರಿ ಮಾಡುವುದು, ಹಿಂದಿನ ಶಾಫ್ಟ್ ಬಿಚ್ಚಿಹಾಕಿ ಮುಂದಿನ ಎರಡು ಚಕ್ರದಲ್ಲೇ ಓಡಿಸುವುದು, ಇಲ್ಲವೇ ಮಾರಿ ಬೇರೆ ಕೊಳ್ಳುವುದು.

"ಎಷ್ಟು ಜನ ಓಡಾಡ್ತೀರಿ?"

"ಒಬ್ಬನೇ."

"ಮರಳಿಗೆ ಇಳಿಸ್ತೀರಾ?"

"ಇಲ್ಲಪ್ಪ, ಬ್ಯಾಂಕಿಗೆ."

ಅವನು ಕೈ ಒರೆಸಿಕೊಂಡ. "ಹಾಗಾದ್ರೆ ನಾಲ್ಕು ಚಕ್ರ ಯಾಕೆ ಸಾಬ್? ಸೈಕಲ್ ತಗೊಳ್ಳಿ."

ಮನೆಯವರ ತೀರ್ಮಾನ

ನನಗೆ ತೀರ್ಮಾನ ಮಾಡಲಾಗಲಿಲ್ಲ. ಗಾಡಿ ಮಾರಿದರೆ, ತಾಯಿ-ಮಗಳು ಇನ್ನು ಇಲ್ಲಿಗೆ ವಾಪಸ್ ಬರುವುದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ ಅನಿಸುತ್ತಿತ್ತು. ಸರಿ, ಹೆಂಡತಿಯನ್ನೇ ಕೇಳೋಣವೆಂದು ವಿಡಿಯೊ ಕಾಲ್ ಮಾಡಿ ಟೈರು, ಎಂಜಿನ್ನು ಎಲ್ಲ ತೋರಿಸಿದೆ. ಮಗಳು ಇಣುಕಿ "ಅಪ್ಪಾ, ಇಟ್ಸ್ ಸೋ ಓಲ್ಡ್" ಎಂದು ಮಾಯವಾದಳು. ಗಾಡಿಯ ಬಗ್ಗೆ ಅಂದಿದ್ದೋ ನನ್ನ ಬಗ್ಗೆಯೋ, ಕೇಳುವ ಧೈರ್ಯವಾಗಲಿಲ್ಲ.

"ರೀ, ಫೋನ್ ಸ್ವಲ್ಪ ಹಿಂದಕ್ಕೆ ಹಿಡೀರಿ. ಆ ಕೊನೇ ಸೀಟಿನ ಕೆಳಗೆ ಇರೋದು ನನ್ನ ಇಡ್ಲಿ ಸ್ಟ್ಯಾಂಡ್ ಅಲ್ವಾ?"

ನೋಡಿದರೆ ಹೌದು.

"ಅಯ್ಯೋ ದೇವರೇ! ಪಕ್ಕದ ಫ್ಲ್ಯಾಟಿನವಳು ಇಟ್ಕೊಂಡಿದ್ದಾಳೆ ಅಂತ ಮೂರು ವರ್ಷದಿಂದ ಅವಳ ಒಂದು ಮೆಸೇಜಿಗೂ ಉತ್ತರ ಕೊಟ್ಟಿಲ್ಲ ನಾನು!"

"ಗಾಡಿ ವಿಷಯ ಏನು ಮಾಡಲಿ?"

"ಏನಾದ್ರೂ ಮಾಡಿಕೊಳ್ಳಿ. ಸ್ಟ್ಯಾಂಡ್ ಮಾತ್ರ ಮಾರಬೇಡಿ."

ಟೆಸ್ಟ್ ಡ್ರೈವ್

ಕೊನೆಗೆ ಮನಸ್ಸು ಕಲ್ಲು ಮಾಡಿಕೊಂಡು ಆನ್‌ಲೈನಿನಲ್ಲಿ ಜಾಹೀರಾತು ಹಾಕಿದೆ. ಮೊದಲು ಬಂದವರು ಮಂಗಳೂರಿನ ಗಂಡ-ಹೆಂಡತಿ, ಜೊತೆಗೆ ಇಬ್ಬರು ಮಕ್ಕಳು. "ಮೊದಲು ನಾನು ಓಡಿಸಿ ತೋರಿಸ್ತೀನಿ" ಎಂದು ಹೊರಟೆ. ಹಿಂದೆ ಮಕ್ಕಳು ಕಿಟಕಿಗಾಗಿ ಜಗಳವಾಡಿದರು. ಆಯಮ್ಮ ಚಕ್ಕುಲಿ ಡಬ್ಬಿ ತೆಗೆದು ನನಗೂ ಎರಡು ಕೊಟ್ಟರು. ಎಷ್ಟು ದಿನವಾಗಿತ್ತು ಗಾಡಿಯಲ್ಲಿ ಇಂಥ ಗಲಾಟೆ ಕೇಳಿ! ರಿಫಾ ದಾಟಿದ್ದು ಗೊತ್ತಾಗಲಿಲ್ಲ. ಸಖೀರಿನ ಮರಳು ತೋರಿಸಿ, ಎಲ್ಲರಿಗೂ ಕರಕ್ ಚಹಾ ಕುಡಿಸಿ ವಾಪಸ್ ಬರುವಾಗ ಎರಡೂವರೆ ಗಂಟೆ ಕಳೆದು ಮಕ್ಕಳು ನಿದ್ದೆ ಹೋಗಿದ್ದರು.

ಆ ಮನುಷ್ಯ ಇಳಿದು ಕೈಮುಗಿದ. "ಗಾಡಿ ತೋರಿಸಿ ಅಂದದ್ದು ಮಾರಾಯ್ರೆ. ನೀವು ದೇಶವನ್ನೇ ತೋರಿಸಿದ್ರಿ!"

ಮರುವಾರ ಅವರು ಬೇರೆಯವರ ಹತ್ತಿರ ಚಿಕ್ಕ ಕಾರು ಕೊಂಡರು.

ಶುಕ್ರವಾರದ ಗಿರಾಕಿ

ಆ ಚಕ್ಕುಲಿ ತಿಂದ ಮೇಲೆ ನನಗೆ ಮಾರಲು ಮನಸ್ಸು ಬರಲಿಲ್ಲ. ಭಾಗ ತರಿಸಿ ರಿಪೇರಿಯನ್ನೇ ಮಾಡಿಸಿದೆ. ಆದರೆ ಜಾಹೀರಾತು ತೆಗೆಯಲಿಲ್ಲ. ಶುಕ್ರವಾರ ಇಲ್ಲಿ ರಜೆ; ಯಾರಾದರೂ ಬಂದಾರು, ಒಂದಿಷ್ಟು ಮಾತಾಡಬಹುದು ಎಂಬ ಆಸೆ. ಹೇಳಿಕೊಳ್ಳಲು ನಾಚಿಕೆಯೇ, ಆದರೂ ಇದ್ದದ್ದು ಇದ್ದ ಹಾಗೆ.

ಬಂದವರು ಮನಾಮಾದ ಹೋಟೆಲೊಂದರಲ್ಲಿ ಅಡುಗೆ ಮಾಡುವ ಉಡುಪಿಯ ಕಡೆಯವರು, ನನ್ನದೇ ವಯಸ್ಸು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮುಂದಿನ ಸೀಟಿನಲ್ಲಿ ಕೂತರು. "ನೀವೇ ಓಡಿಸಿ ಸಾರ್, ನಾನು ಎಂಜಿನ್ ಶಬ್ದ ಕೇಳ್ತೇನೆ." ಕೇಳಿದ್ದು ಎಲ್ಲಿ? ದಾರಿಯುದ್ದಕ್ಕೂ ಮಗಳ ಮದುವೆ, ಮಂಡಿನೋವು, ಇಲ್ಲಿ ಸಿಗದ ಬಂಗುಡೆ ಎಂದು ಅವರೇ ಮಾತಾಡಿದರು. ಇಳಿಯುವಾಗ "ಬ್ರೇಕ್ ಬರುವ ವಾರ ನೋಡುವ" ಎಂದರು. ಬರುವ ವಾರ ಬ್ರೇಕ್ ನೋಡಿದರು. ಮೂರನೇ ವಾರ ಏಸಿ. ನಾಲ್ಕನೇ ವಾರ ರಿವರ್ಸ್ ಒಂದನ್ನೇ ನೋಡಲು ಬಂದು ಸಂಜೆಯವರೆಗೂ ಇದ್ದರು.

ನನಗೆ ಒಳಗೊಳಗೇ ಚುಚ್ಚತೊಡಗಿತು. ಪಾಪ, ವಾರಕ್ಕೊಂದೇ ರಜೆ, ಅದನ್ನೂ ನಾನು ಹಾಳು ಮಾಡುತ್ತಿದ್ದೇನೆ. ಐದನೇ ಶುಕ್ರವಾರ ಗಾಡಿಯನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿ ಬಾಯಿಬಿಟ್ಟೆ. "ತಪ್ಪು ತಿಳ್ಕೋಬೇಡಿ. ಈ ಗಾಡಿ ನಾನು ಮಾರ್ತಾ ಇಲ್ಲ. ಯಾರಾದ್ರೂ ಮಾತಿಗೆ ಸಿಕ್ತಾರೆ ಅಂತ ಜಾಹೀರಾತು ಹಾಗೇ ಬಿಟ್ಟಿದ್ದೆ."

ಅವರು ಸೀಟ್ ಬೆಲ್ಟ್ ಬಿಚ್ಚಿದರು. ಬಾಗಿಲು ತೆಗೆದು ಇಳಿದೇ ಹೋಗುತ್ತಾರೆ ಅಂದುಕೊಂಡೆ. ಇನ್ನು ಇವರೂ ಇಲ್ಲ.

"ಅಬ್ಬ! ಈಗ ಉಸಿರು ಬಂತು ಮಾರಾಯ್ರೆ" ಎಂದರು. "ಹೇಗೆ ಹೇಳುವುದು ಅಂತ ನಾನು ಒಂದು ತಿಂಗಳಿಂದ ಒದ್ದಾಡ್ತಾ ಇದ್ದೇನೆ. ನನಗೆ ಲೈಸೆನ್ಸೇ ಇಲ್ಲ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವರ ರೂಮಿನ ಮುಂದೆ ಇಳಿಸಿದಾಗ ಅವರು ಕಿಟಕಿಗೆ ಬಗ್ಗಿ, ಗಿರಾಕಿಯ ಗತ್ತಿನಲ್ಲೇ ಹೇಳಿದರು:

"ಹಾಗಾದ್ರೆ ಬರುವ ಶುಕ್ರವಾರ ಬರ್ತೇನೆ. ಹಾರ್ನ್ ನೋಡ್ಲಿಕ್ಕೆ ಬಾಕಿ ಉಂಟು."